ಅಂಗೈ ಅಗಲದ ಅಂಚು

ನೀಲಮ್ಮ ಮೇಡಂ ಇಂಗ್ಲಿಷನ್ನು ಅರ್ಧ ಕರಿಹಲಗೆಯ ಮೇಲೆ, ಅರ್ಧ ತಾವು ಉಟ್ಟ ಇಳಕಲ್ ಸೀರೆಯ ಮೇಲೆ ಕಲಿಸುತ್ತಿದ್ದರು. ತೆಲಂಗಾಣದ ಅಂಚಿನ ನಾರಾಯಣಖೇಡದ ಶಾಲೆಯಲ್ಲಿ ಒಂದು ದಿನ ನಾನು ಕೇಳಿದೆ: ಬಾರ್ಡರ್, ಬೌಂಡರಿ ಎರಡೂ ಒಂದೇ ಅಲ್ಲವೇ?

ಮೇಡಂ ಹಲಗೆಯ ಮೇಲೆ ಗೆರೆ ಎಳೆದರು. “ಇದು ಬೌಂಡರಿ. ಇಲ್ಲಿಗಿ ನಂದು ಮುಗೀತು ಅಂತ ಹೇಳ್ತದ, ಅಷ್ಟೇ. ಇದಕ್ಕ ಅಗಲ ಇಲ್ಲ.” ಆಮೇಲೆ ಸೀರೆಯ ಅಂಚನ್ನು ಅಂಗೈ ಮೇಲೆ ಹರಡಿದರು. “ಇದು ಬಾರ್ಡರ್. ಇದಕ್ಕ ಅಗಲ ಅದ, ಬಣ್ಣ ಅದ. ರಾಜ್ಯದ ಬಾರ್ಡರಿನಾಗೂ ಹಂಗೇ, ಊರು ಇರ್ತಾವ, ಸಂತಿ ಇರ್ತದ, ಮಂದಿ ಎರಡೆರಡು ಭಾಷಾ ಮಾತಾಡ್ತಾರ. ನಮ್ಮಂಗ.”

ನಾನು ಕೇಳಿದ್ದು ಪರೀಕ್ಷೆಗಾಗಿ ಅಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ, ಕ್ಲಾಸು ಬಿಟ್ಟ ಮೇಲೆ ಕರೆದು ವಿಚಾರಿಸಿದರು. ಕಲ್ಹೇರ್ ಹತ್ತಿರ ಅಪ್ಪನ ಹೊಲಕ್ಕೆ ಅಂಟಿಕೊಂಡೇ ಬಸಣ್ಣ ಕಾಕಾನ ಹೊಲ. ಅಣ್ಣತಮ್ಮಂದಿರಿಬ್ಬರೂ ವರ್ಷಾ ವರ್ಷಾ ನೇಗಿಲು ತಾಗಿಸಿ ತಾಗಿಸಿ ನಡುವಿನ ಬದು ಹಗ್ಗದಷ್ಟು ಸಣ್ಣಗಾಗಿತ್ತು. ಮಾತು ನಿಂತಿತ್ತು. ಕಾಕಾನ ಮಗಳು ಸಂಗೀತಾ ನನ್ನ ಕ್ಲಾಸಿನವಳೇ, ಆದರೂ ಒಂದೇ ಬೆಂಚಿನಲ್ಲಿ ಕೂಡುವಂತಿರಲಿಲ್ಲ. ಇದನ್ನು ಹೇಳುತ್ತಾ ನಾನು ಮೇಡಂ ಮುಂದೆ ಅತ್ತುಬಿಟ್ಟೆ.

ಆ ಭಾನುವಾರ ಅವರು ರೊಟ್ಟಿ ಬುತ್ತಿ ಹಿಡಿದು ನೇರ ಹೊಲಕ್ಕೇ ಬಂದರು. ಬದುವಿನ ಮೇಲೆ ಕೂತು ಇಬ್ಬರನ್ನೂ ಕರೆದರು.

“ಇಷ್ಟ ಬದುವಿನ ಮ್ಯಾಲ ನನಗ ಒಬ್ಬಾಕಿಗೇ ಕೂಡಾಕ ಆಗವಲ್ದು. ಒಂದೊಂದು ಮೊಳ ಬಿಡ್ರಿ. ಪುಂಡಿ ಹಚ್ಚೂಣು, ಎರಡೂ ಮನಿಗಿ ಪಲ್ಯಕ್ಕ ಆತು.”

“ಮೊದಲ ಅವಂಗ ಬಿಡಾಕ ಹೇಳ್ರಿ,” ಎಂದ ಅಪ್ಪ. ಕಾಕಾ ಅದನ್ನೇ ಅಂದ.

“ಆತು, ನಾ ಎಣಸ್ತೀನಿ. ಮೂರು ಅಂದಕೂಡಲೇ ಇಬ್ಬರೂ ಹಿಂದ ಸರೀರಿ.”

ಮೀಸೆ ಹಣ್ಣಾದ ಇಬ್ಬರು ಗಂಡಸರು ಡ್ರಿಲ್ಲಿಗೆ ನಿಂತ ಹುಡುಗರ ಹಾಗೆ ಹಿಂದೆ ಸರಿದರು. ಸೋಮವಾರ ಸಂಗೀತಾ ನನ್ನ ಬೆಂಚಿಗೆ ಬಂದಳು. ಬದು ಅಗಲವಾಯಿತು, ಪುಂಡಿ ಬೆಳೆಯಿತು. ಅವರಿಬ್ಬರ ಮಾತು ಮಾತ್ರ ಪುಂಡಿಯಿಂದಾಚೆ ಹೋಗಲಿಲ್ಲ.

ನಿವೃತ್ತರಾಗಿ ಮೇಡಂ ತಾಂಡೂರಿಗೆ ಹೋದರು. ನಾನು ಪುಂಡಿ ಕಟ್ಟು ಒಯ್ದಾಗಲೆಲ್ಲ ಕೇಳುತ್ತಿದ್ದರು: “ಬಾರ್ಡರ್ ಹ್ಯಾಂಗದ? ಮಾತಾಡ್ತಾರೇನು?”

“ಪುಂಡಿದಷ್ಟೇರಿ, ಮೇಡಂ.”

“ಇರಲಿ ಬಿಡು. ಇನ್ನೂ ಟೈಮ್ ಅದ.”

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಡಲೆಂದು ತಾಂಡೂರಿಗೆ ಹೋಗಿ ಮನೆ ಮುಂದೆ ನಿಂತಿದ್ದೆ. ಒಂದು ಬೈಕ್ ಬಂತು. ನಡೆಸುತ್ತಿದ್ದವನು ಕಾಕಾ. ಹಿಂದೆ ಅಪ್ಪ, ತಮ್ಮನ ಹೆಗಲನ್ನು ಗಟ್ಟಿಯಾಗಿ ಹಿಡಿದು ಕೂತಿದ್ದ. ದಾರಿಯುದ್ದಕ್ಕೂ ಮಾತಾಡುತ್ತಾ ಬಂದಿದ್ದರೇನೋ, ಇಳಿದ ಮೇಲೂ ಮಾತು ಮುಗಿದಿರಲಿಲ್ಲ. ಮೇಡಂಗೆ ಹೇಳಲು ನಾನು ಒಳಕ್ಕೆ ತಿರುಗಿಯೇಬಿಟ್ಟೆ. ಕೇಳುವವರು ಇರಲಿಲ್ಲ.