ಶರಣಯ್ಯನ ಹೊಟ್ಟೆ ಮತ್ತು ತೆಳ್ಳಗಾಗುವ ಲಡ್ಡು

ನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ಶರಣಯ್ಯ ಕುಣಿಮಗ್ಗದ ನೇಕಾರ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ, ನೇಯ್ದ ಬಟ್ಟೆ ಸುತ್ತುವ ಮರ ಹೊಟ್ಟೆಯ ಮುಂದೆಯೇ ಇರುತ್ತದೆ. ಮೊದಲು ಆ ಮರಕ್ಕೂ ಅವನ ಹೊಟ್ಟೆಗೂ ನಡುವೆ ತೊಡೆಯ ಮೇಲೆ ಬೆಕ್ಕು ಮಲಗುತ್ತಿತ್ತು. ಬರಬರುತ್ತಾ ಪಾಪ, ಬೆಕ್ಕೇ ಜಾಗ ಬಿಟ್ಟುಕೊಟ್ಟಿತು.

ಡಾಕ್ಟರ್ ಶ್ರೀನಿವಾಸುಲು ನೇರವಾಗಿ ಹೇಳಿದರು: "ಈ ಹೊಟ್ಟಿ ಹೊತ್ಕೊಂಡು ಕುಣಿಗೆ ಇಳದು ಏರಿದ್ರ ಮೊಣಕಾಲು ಹೋಗ್ತಾವ. ದೀಪಾವಳಿಯೊಳಗ ಇಳಸು, ಇಲ್ಲಂದ್ರ ಮಗ್ಗ ಬಿಡು."

ಮಗ್ಗ ಬಿಟ್ಟು ಶರಣಯ್ಯ ಮಾಡುವುದೇನು? ಅವನ ಕೈಗೆ ಬೇರೆ ಕೆಲಸವೇ ಗೊತ್ತಿಲ್ಲ.

ಅಷ್ಟರಲ್ಲಿ ಪುಣ್ಯಾತ್ಮ ಮೌನೇಶ್ ಬಂದ. ಮಖ್ತಲ್‌ನಲ್ಲಿ ಅವನದು ಆರೋಗ್ಯದ ಅಂಗಡಿ. ಹೋದ ವರ್ಷ ಅದೇ ಅಂಗಡಿಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದ.

"ನವಣಿ ಲಡ್ಡು ಕಾಕಾ. ಸಕ್ಕರಿ ಅನ್ನೋದು ಇಲ್ಲವೇ ಇಲ್ಲ. ತಿಂದಷ್ಟೂ ತೆಳ್ಳಗ!"

ಡಬ್ಬಿಯ ಮೇಲೆ ಹಸಿರೆಲೆ, ಅದರ ಪಕ್ಕ ಓಡುತ್ತಿರುವ ಒಬ್ಬ ಸಣಕಲ. ಇನ್ನೇನು ಸಾಕ್ಷಿ ಬೇಕು?

ನಮ್ಮ ಕಡೆ ರೊಟ್ಟಿ ಮುರಿದರಷ್ಟೇ ಊಟ. ಉಳಿದದ್ದೆಲ್ಲ ಬಾಯಾಡಿಸಿದ್ದು, ಲೆಕ್ಕಕ್ಕಿಲ್ಲ. ಅದೂ ಔಷಧವೆಂದರೆ ಕೇಳಬೇಕೇ? ಶರಣಯ್ಯ ತಪಸ್ವಿಯಂತೆ ರೊಟ್ಟಿಯನ್ನು ಒಂದಕ್ಕಿಳಿಸಿದ. ಲಡ್ಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹೊಟ್ಟೆ ಕರಗದಿದ್ದರೆ ಇನ್ನೊಂದು.

"ಮತ್ತ ತಿಂತೀರಲ್ರೀ?" ಎಂದು ಹೆಂಡತಿ ಅನ್ನಮ್ಮ ಕೇಳಿದರೆ, "ಡೋಸು ಸಾಲವಲ್ದು," ಎನ್ನುತ್ತಿದ್ದ. ನಾನು ಅವರ ಕಟ್ಟೆಯ ಮೇಲೆ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಾ ಎಲ್ಲವನ್ನೂ ಕೇಳುತ್ತಿದ್ದೆ. ಡಬ್ಬಿಯ ಮೇಲಿನವನು ಮಾತ್ರ ತೆಳ್ಳಗೇ ಇದ್ದ.

ದೀಪಾವಳಿ ಹತ್ತಿರ ಬಂತು. ಹೊಟ್ಟೆ ಮರಕ್ಕೆ ಒತ್ತಿ, ಲಾಳಿ ಎಸೆಯಲು ಬಗ್ಗಿದರೆ ಉಸಿರು ಸಿಗದಾಯಿತು. ಗಂಡ ಹೆಂಡತಿ ಮತ್ತೆ ಡಾಕ್ಟರ ಹತ್ತಿರ ಹೋದರು. ಅನ್ನಮ್ಮನ ಜೊತೆಗೆ ನಾನೂ ಹೋದೆ.

"ಏಮಯ್ಯಾ, ಏನು ತಿಂತಿ?"

"ಒಂದು ರೊಟ್ಟಿ ರೀ. ದೇವರಾಣೆ, ಒಂದೇ."

ಅನ್ನಮ್ಮ ಸೆರಗಿನೊಳಗಿಂದ ಖಾಲಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಅದರ ಹಿಂಬದಿ ತಿರುಗಿಸಿ, ಕನ್ನಡಕ ಏರಿಸಿ, ಇರುವೆಯಂಥ ಅಕ್ಷರ ಓದಿದರು. ಬೆಲ್ಲ. ತುಪ್ಪ. ಖರ್ಜೂರ. ಗೋಡಂಬಿ. ನವಣೆ ಕೊನೆಯಲ್ಲಿ, ನೆಂಟರ ಮನೆಗೆ ಬಂದಂತೆ ಮುದುರಿಕೊಂಡಿತ್ತು.

"ಸಕ್ಕರಿ ಇಲ್ಲ, ಖರೆ. ಆದ್ರ ಒಂದು ಲಡ್ಡು ತಿಂದ್ರ ಎರಡು ರೊಟ್ಟಿ ತಿಂದಂಗ."

"ಅದು ಔಷಧ ರೀ, ಊಟ ಅಲ್ಲ!"

"ಹೊಟ್ಟಿಗೆ ಅದು ಗೊತ್ತಿಲ್ಲಲ್ಲಪ್ಪ."

ಡಾಕ್ಟರು ಸಂಕ್ರಾಂತಿಯವರೆಗೆ ಗಡುವು ಕೊಟ್ಟರು. ಶರಣಯ್ಯ ಲಡ್ಡು ಬಿಟ್ಟು ಮತ್ತೆ ರೊಟ್ಟಿ, ಪುಂಡಿಸೊಪ್ಪಿನ ಪಲ್ಯಕ್ಕೆ ಬಂದ.

ಮೊನ್ನೆ ಮೌನೇಶ್ ಹೊಸ ಡಬ್ಬಿ ತಂದ. "ಕಾಕಾ, ಡಯಟ್ ಅವಲಕ್ಕಿ ಚೂಡಾ!"

"ಹಿಂದ ಏನು ಬರದಾರ, ಓದಪ್ಪ."

"ಕನ್ನಡಕ ಅಂಗಡ್ಯಾಗ ಉಳದೈತಿ ಕಾಕಾ."

"ಹಂಗಾದ್ರ ಚೂಡಾನೂ ಅಲ್ಲೇ ಉಳೀಲಿ."

ಈಗ ಹೊಟ್ಟೆಗೂ ಮರಕ್ಕೂ ನಡುವೆ ಅಂಗೈ ತೂರುತ್ತದೆ. ಬೆಕ್ಕು ಮಲಗುವಷ್ಟು ಜಾಗ ಇನ್ನೂ ಆಗಿಲ್ಲ. ಆದರೆ ಅದು ದಿನಾ ಕುಣಿಯ ಅಂಚಿಗೆ ಬಂದು, ಇಣುಕಿ ನೋಡಿ ಹೋಗುತ್ತಿದೆ.