ಇರ್ವಿಂಗ್‌ನ ಮಂಜಿನಲ್ಲಿ ಕೇಳಿದ ದನಿ

ಇದು ಕಳೆದ ಜನವರಿಯ ಮಾತು. ನಮ್ಮ ಮನೆಯವರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ನಾವಿರುವುದು ಹ್ಯೂಸ್ಟನ್‌ನ ಸೈಪ್ರೆಸ್‌ನಲ್ಲಿ. ನಮ್ಮವರು ಬೆಳಗಾವಿಯವರು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವರು. ಮಗಳು ಅನಘಾಳನ್ನು ಮನೆ ಹತ್ತಿರದ ಹುಡುಗಿಯರ ತಂಡಕ್ಕೆ ಸೇರಿಸಿದ್ದು ಅವರೇ. ಅಲ್ಲಿನ ಕೋಚ್ ರಮೀರೊ ಮೆಕ್ಸಿಕೊದವರು. ಉತ್ತರ ಮೆಕ್ಸಿಕೊದ ಕ್ಲಬ್ಬೊಂದರಲ್ಲಿ ಹಲವು ವರ್ಷ ಡಿಫೆಂಡರ್ ಆಗಿದ್ದು, ಆಟ ಬಿಟ್ಟ ಮೇಲೆ ಟೆಕ್ಸಸ್‌ಗೆ ಬಂದು ಕೋಚ್ ಆದವರು. ಹುಡುಗಿಯರೆಲ್ಲ ಅವರನ್ನು ‘ಪ್ರೊಫೆ’ ಎನ್ನುತ್ತಿದ್ದರು. ಅವರ ಕಡೆ ಕೋಚನ್ನು ಹಾಗೆ ಕರೆಯುವುದು ರೂಢಿಯಂತೆ. ನಮ್ಮವರು ಮಾತ್ರ ‘ಮಾಸ್ತರ್’ ಎನ್ನುತ್ತಿದ್ದರು. ರಮೀರೊ ಅದಕ್ಕೂ ಓಗೊಡುತ್ತಿದ್ದರು.

ಹಿಂದೆ ನಿಂತವರಿಗೆ ಇಡೀ ಮೈದಾನ ಕಾಣುತ್ತದೆ, ಅವರು ಸುಮ್ಮನಿರಬಾರದು ಎಂಬುದು ಪ್ರೊಫೆಯ ಪಾಠ. ಮುಂದಿರುವವಳು ತಿರುಗಿ ನೋಡಕೂಡದು. ಹಿಂದಿನ ದನಿಯನ್ನು ನಂಬಿ ಚೆಂಡಿನ ಮೇಲೆ ಹೋಗಬೇಕು. ಇದನ್ನು ಕಲಿಸಲು ಅವರು ಹುಡುಗಿಯರ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುತ್ತಿದ್ದರು. ಹಿಂದೆ ನಿಂತು ಕೂಗುವ ಕೆಲಸವನ್ನು ನಮ್ಮವರು ತಾವಾಗಿಯೇ ವಹಿಸಿಕೊಂಡಿದ್ದರು. ಕೂಗುತ್ತಿದ್ದದ್ದು ಬೆಳಗಾವಿ ಮಾತಿನಲ್ಲಿ, “ಹಿಂದ ಅದೀನಿ” ಎಂದು. ಪ್ರೊಫೆಗೆ ಅದು ಬಹಳ ಹಿಡಿಸಿತು. ಟೆಕ್ಸಸ್‌ನಲ್ಲಿ ಇಂಗ್ಲಿಷಾಗಲಿ ಸ್ಪ್ಯಾನಿಷಾಗಲಿ ಎದುರಾಳಿಗಳಿಗೆ ತಿಳಿದುಬಿಡುತ್ತದೆ, ಇದು ಯಾರಿಗೂ ತಿಳಿಯುವುದಿಲ್ಲ ಎಂದು ನಗುತ್ತಿದ್ದರು. ಆಮೇಲೆ ಇಡೀ ತಂಡಕ್ಕೆ ಅದೇ ಗುಟ್ಟಿನ ಮಾತಾಯಿತು. ಒಬ್ಬ ಹುಡುಗಿಯ ತಾಯಿ, ಅದು ನಿಮ್ಮ ದೇವರ ಹೆಸರೇ ಎಂದು ನನ್ನನ್ನು ಕೇಳಿದ್ದರು. ಮನೆಗೆ ಬಂದು ಹೇಳಿದರೆ ಇವರು, “ಹೂಂ ಅನ್ನಬೇಕಿತ್ತು. ಡಿಫೆಂಡರ್‌ಗಳ ದೇವರು” ಎಂದಿದ್ದರು.

ಏಪ್ರಿಲ್‌ನಲ್ಲಿ ಒಂದು ದಿನ ಆಫೀಸಿನಲ್ಲೇ ಕುಸಿದರು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅನಘಾ ಅಳಲಿಲ್ಲ. ಆಟದ ಶೂಗಳನ್ನು ಗರಾಜಿನಲ್ಲಿಟ್ಟವಳು ಮತ್ತೆ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದಳು. ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿ ಎದ್ದು ಹೋಗುತ್ತಿದ್ದಳು. ಇವಳೂ ಕೈತಪ್ಪಿ ಹೋಗುತ್ತಿದ್ದಾಳೆ, ಅದೂ ನನ್ನ ಕಣ್ಣೆದುರೇ, ಎಂಬ ಹೆದರಿಕೆ ನನಗೆ ಹಗಲೂ ರಾತ್ರಿ.

ಅಷ್ಟರಲ್ಲಿ ಪ್ರೊಫೆ ಆಸ್ಟಿನ್‌ನ ತಂಡವೊಂದಕ್ಕೆ ಹೋಗಿದ್ದರು. ಚಳಿಗಾಲದಲ್ಲಿ ಅವರ ಫೋನ್ ಬಂತು. ಡಾಲಸ್‌ನಲ್ಲಿ ಟೂರ್ನಮೆಂಟ್ ಇದೆಯಂತೆ, ಅವರ ಡಿಫೆಂಡರ್ ಒಬ್ಬಳಿಗೆ ಪೆಟ್ಟಾಗಿದೆಯಂತೆ, ಅನಘಾ ಬಂದು ಆಡುತ್ತಾಳೆಯೇ ಎಂದು ಕೇಳಿದರು. ಬೇಡವೆನ್ನುತ್ತಾಳೆ ಎಂದುಕೊಂಡಿದ್ದೆ. “ಓಕೆ” ಎಂದಳು. ಕೆಲವು ಶನಿವಾರ ಪ್ರಾಕ್ಟೀಸಿಗೆಂದು ಆಸ್ಟಿನ್‌ವರೆಗೆ ಡ್ರೈವ್ ಮಾಡಿದೆ. ಅವಳ ಕಾಲು ಆಟ ಮರೆತಿರಲಿಲ್ಲ. ಆದರೆ ಚೆಂಡು ಬಂದಾಗಲೆಲ್ಲ ಹಿಂದೆ ತಿರುಗಿ ನೋಡುತ್ತಿದ್ದಳು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಪಂದ್ಯ ಡಾಲಸ್ ಪಕ್ಕದ ಇರ್ವಿಂಗ್‌ನ ಮೈದಾನದಲ್ಲಿ, ಬೆಳಿಗ್ಗೆ. ಅವತ್ತು ಮಂಜು ಬಿದ್ದಿತ್ತು. ಆಡಿಸುತ್ತಾರೋ ಇಲ್ಲವೋ ಎಂದು ಎಲ್ಲರೂ ಕಾದೆವು, ಕೊನೆಗೆ ಆಡಿಸಿದರು. ಮೊದಲರ್ಧದಲ್ಲಿ ಅನಘಾ ತಿರುಗಿ ನೋಡಿದ ಆ ಒಂದು ಗಳಿಗೆಯಲ್ಲೇ ಎದುರಿನ ಹುಡುಗಿ ಚೆಂಡು ದಾಟಿಸಿ ಗೋಲು ಹೊಡೆದಳು. ತಲೆ ತಗ್ಗಿಸಿ ನಿಂತಿದ್ದ ಮಗಳನ್ನು ನೋಡಲಾರದೆ, ಎರಡನೆಯ ಅರ್ಧಕ್ಕೆ ನಾನು ಅವಳಿದ್ದ ತುದಿಯ ಹತ್ತಿರ, ಮೈದಾನದ ಅಂಚಿನಲ್ಲಿ ಹೋಗಿ ನಿಂತೆ.

ಅದೇ ಹುಡುಗಿ ಮತ್ತೆ ಚೆಂಡು ತಂದಳು. ಅನಘಾಳ ಕತ್ತು ಹೊರಳುವುದರಲ್ಲಿತ್ತು.

“ಹಿಂದ ಅದೀನಿ.”

ಜೋರಾಗಿ ಕೂಗಿದ್ದಲ್ಲ. ಕೊನೆಯಲ್ಲಿ ತುಸು ಎಳೆದು, ನಮ್ಮವರು ಹೇಳುತ್ತಿದ್ದ ಹಾಗೆಯೇ. ಬಂದದ್ದು ಗೋಲಿನ ಆಚೆಯಿಂದ. ಅಲ್ಲಿ ತಂತಿ ಬೇಲಿ, ಅದರಾಚೆ ಮಂಜು. ಅನಘಾಳ ಕತ್ತು ಅಲ್ಲೇ ನಿಂತಿತು. ಅವಳು ನೇರ ಮುಂದೆ ನುಗ್ಗಿ ಚೆಂಡು ಕಿತ್ತುಕೊಂಡಳು. ಪಂದ್ಯ ಮುಗಿಯುವವರೆಗೆ ಮತ್ತೊಮ್ಮೆಯೂ ತಿರುಗಲಿಲ್ಲ.

ನಾನು ಬೇಲಿಯವರೆಗೆ ಹೋಗಿ ನೋಡಿದೆ. ಆಚೆಯ ಹುಲ್ಲಿನ ಮೇಲೆ ಇಬ್ಬನಿ ಹಾಗೇ ಇತ್ತು, ಯಾರೂ ತುಳಿದಿರಲಿಲ್ಲ.

ಪ್ರೊಫೆಯೇ ಆ ಮಾತನ್ನು ನೆನಪಿಟ್ಟುಕೊಂಡು ಕೂಗಿರಬೇಕು, ಮಂಜಿನಲ್ಲಿ ದಿಕ್ಕು ತಪ್ಪಿ ಕೇಳಿಸಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಆಟ ಮುಗಿದ ಮೇಲೆ ಥ್ಯಾಂಕ್ಸ್ ಹೇಳಲು ಹೋದರೆ ಅವರು ಗಂಟಲು ತೋರಿಸಿದರು. ನೆಗಡಿಯಿಂದ ಹಿಂದಿನ ದಿನವೇ ದನಿ ಕಟ್ಟಿಹೋಗಿತ್ತಂತೆ. ಪಂದ್ಯ ಪೂರ್ತಿ ಬರೀ ಚಪ್ಪಾಳೆ ತಟ್ಟಿದ್ದರಂತೆ. ಉಳಿದ ಹುಡುಗಿಯರೆಲ್ಲ ಆಸ್ಟಿನ್‌ನವರು, ಆ ಮಾತು ಅವರಾರಿಗೂ ಗೊತ್ತಿಲ್ಲ.

“ನಿಮಗೂ ಕೇಳಿಸಿತಾ?” ಎಂದು ಪಿಸುದನಿಯಲ್ಲಿ ಕೇಳಿದರು. ಅವರು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟು, ತಡೆತಡೆದು ಹೇಳಿದರು:

“ನನ್ನ ಜೊತೆ ಡಿಫೆನ್ಸ್ ಆಡುತ್ತಿದ್ದ ಗೆಳೆಯ ಒಬ್ಬ ಸತ್ತುಹೋದ. ಅವನ ದನಿ ಆ ಸೀಸನ್ ಪೂರ್ತಿ ನನ್ನ ಬೆನ್ನ ಹಿಂದೆ ಕೇಳುತ್ತಿತ್ತು. ಅದನ್ನೇ ನಂಬಿ ಆಡಿದೆ. ಒಂದು ದಿನ ನಿಂತುಹೋಯಿತು. ಮೊಣಕಾಲು ಹೋಯಿತು, ಅದಕ್ಕೇ ಕೋಚ್ ಆದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದಲ್ಲ. ಆ ದನಿ ನಿಂತ ಮೇಲೆ, ಇನ್ನು ನಾನು ಹಿಂದೆ ನಿಲ್ಲಬೇಕು ಅನ್ನಿಸಿತು.”

ವಾಪಸ್ ಬರುವಾಗ ಡಾಲಸ್ ದಾಟುವವರೆಗೂ ಅನಘಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ, ಎಷ್ಟೋ ತಿಂಗಳಲ್ಲಿ ಮೊದಲ ಸಲ, ಅಪ್ಪನ ಕನ್ನಡದಲ್ಲಿ ಕೇಳಿದಳು.

“ಅಮ್ಮಾ, ಅದು ನೀನ ಒದರಿದ್ದಲ್ಲಾ?”

ಅವಳ ಮುಖ ನೋಡಿ “ಹೂಂ” ಎಂದೆ. ಅವಳು ಅಳತೊಡಗಿದಳು. ಪೆಟ್ರೋಲ್ ಬಂಕ್ ಒಂದರಲ್ಲಿ ಕಾರು ನಿಲ್ಲಿಸಿ, ಅವಳು ಅತ್ತು ಮುಗಿಸುವವರೆಗೆ ಹಿಡಿದುಕೊಂಡು ಕೂತೆ.

ಈಗ ಅವಳು ಸೈಪ್ರೆಸ್ ತಂಡದಲ್ಲಿ ಮತ್ತೆ ಆಡುತ್ತಾಳೆ. ಹೂಂ ಎಂದ ಮೇಲೆ ಮಾಡಲೇಬೇಕಲ್ಲ, ಎಲ್ಲ ಪ್ರಾಕ್ಟೀಸಿಗೂ ನಾನು ಹೋಗಿ ಹಿಂದೆ ನಿಂತು ಕೂಗುತ್ತೇನೆ. ನನ್ನದು ಸಣ್ಣ ದನಿ, ಮೈಸೂರಿನ ನಾಲಿಗೆಗೆ ಆ ಮಾತು ಸರಿಯಾಗಿ ಹೊರಳುವುದೂ ಇಲ್ಲ. ಒಮ್ಮೊಮ್ಮೆ ನಾನು ಬಾಯಿ ತೆರೆಯುವ ಮೊದಲೇ ಅನಘಾ ತಿರುಗಿ ನೋಡದೆ ಮುಂದಕ್ಕೆ ಹೋಗಿರುತ್ತಾಳೆ.

ಆಗ ನಾನೂ ಹಿಂದೆ ತಿರುಗಿ ನೋಡುವುದಿಲ್ಲ.