ಗುಡುಗಣ್ಣನ ಕಿವಿ

ಬೀದಿಗೆ ಇನ್ನೂ ಮೊದಲ ಬಸ್ಸು ಬಂದಿಲ್ಲ. ನೆಲಮಹಡಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕಪ್ಪು ರೆಕ್ಸಿನ್ ಹೊದ್ದ, ಮೂಲೆಗಳು ಸವೆದು ಮರ ಕಾಣುತ್ತಿರುವ ಒಂದು ಪೆಟ್ಟಿಗೆ. ದಪ್ಪ ಮೀಸೆಯ ವ್ಯಕ್ತಿಯೊಬ್ಬರು ಅದರ ಹಿಂದೆ ಮಂಡಿಯೂರಿ ಕೂತು, ಜಾಲರಿಗೆ ಮೂಗು ಹಚ್ಚಿ ಮೂಸುತ್ತಿದ್ದಾರೆ.

"ಸುಟ್ಟ ವಾಸನೆ ಇಲ್ಲ. ಇಲಿ ವಾಸನೆ ಇದೆ. ಇಲಿಯಾದ್ರೆ ಪರವಾಗಿಲ್ಲ, ಓಡಿಸ್ಬಹುದು" ಎನ್ನುತ್ತಾರೆ.

ವಾದ್ಯದವರೆಲ್ಲ ಇವರನ್ನು ಕರೆಯುವುದು ಗುಡುಗಣ್ಣ ಎಂದು. ಕೆಲಸ, ತಗ್ಗಿನ ಸ್ವರದ ಬೇಸ್ ಗಿಟಾರಿನ ಸದ್ದು ಹಿಗ್ಗಿಸುವ ಹಳೆಯ ಆಂಪ್ಲಿಫೈಯರ್‌ಗಳನ್ನು ನೋಡಿ, ಕೊಳ್ಳಬಹುದೋ ಬೇಡವೋ ಹೇಳುವುದು. ರಿಪೇರಿಯನ್ನೂ ಮಾಡುತ್ತಾರೆ. ಆದರೆ ಜನ ಬರುವುದು ಇವರ ಮಾತಿಗೆ. ವೇದಿಕೆಯ ಮೇಲೆ ಬೇಸ್ ನುಡಿಸುವವನ ಕಡೆಗೇ ಯಾರೂ ತಿರುಗಿ ನೋಡುವುದಿಲ್ಲ. ಅವನ ಬೆನ್ನ ಹಿಂದಿನ ಪೆಟ್ಟಿಗೆಯನ್ನು ಮೂಸಿ ನೋಡುವವರನ್ನು ಕೇಳುವವರು ಯಾರು? ಹಾಗಾಗಿಯೇ ಪೇಪರಿಗೆ ಬರೆಯಲೆಂದು ನಾನು ಬಂದಿದ್ದೇನೆ.

ಪೆಟ್ಟಿಗೆಯನ್ನು ತಂದಿರುವ ಯುವತಿ ಗೋಡೆಗೆ ಒರಗಿ ನಿಂತಿದ್ದಾಳೆ. ಹಗಲು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಸಂಜೆ ಬೇಸ್. ಇಷ್ಟು ದಿನ ಅವರಿವರ ಆಂಪಿನಲ್ಲೇ ನುಡಿಸಿದವಳು. ಮುಂದಿನ ವಾರ ಅವಳ ತಂಡದ ಮೊದಲ ರೆಕಾರ್ಡಿಂಗ್ ಇದೆ. ಅಷ್ಟರಲ್ಲಿ ಸ್ವಂತದ್ದೊಂದು ಬೇಕು ಎಂಬ ಹಟ. ಮಾರುವವರು ಪರೀಕ್ಷೆಗೆಂದು ಒಂದು ರಾತ್ರಿಯ ಮಟ್ಟಿಗೆ ಕೊಟ್ಟು ಕಳಿಸಿದ್ದಾರೆ. ಬೆಳಿಗ್ಗೆ ಫೋನ್ ಮಾಡಿ ಹೂಂ ಅಂದರೆ ಮುಗಿಯಿತು, ಮತ್ತೆ ವಾಪಸು ತೆಗೆದುಕೊಳ್ಳುವ ಮಾತೇ ಇಲ್ಲವಂತೆ.

ಒಳಕೋಣೆಯ ಬಾಗಿಲಲ್ಲಿ ಗುಡುಗಣ್ಣನ ಹೆಂಡತಿ ಕೈಚೀಲ ಹಿಡಿದು ನಿಂತಿದ್ದಾರೆ. ಇವರು ಬಟ್ಟೆ ಹೊಲಿಯುತ್ತಾರೆ. ನಾನು ಬಂದಾಗ ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಈಗಲೇ ಹೋಗ್ಬೇಕಾ? ಆಂಪ್ ನೋಡೋ ಹೊತ್ತಲ್ಲಿ?"

"ಹೋಗ್ಬಾರೇ. ತರಕಾರಿ ಎಲ್ಲ ಆಮೇಲೆ ಬಾಡಿ ಹೋಗುತ್ತೆ. ಇಲ್ಲಿ ನಾನು ನೋಡ್ಕೋತೀನಿ."

ಆಕೆ ಒಂದು ಗಳಿಗೆ ಗಂಡನ ಮುಖವನ್ನೂ ಇನ್ನೊಂದು ಗಳಿಗೆ ನನ್ನ ಮುಖವನ್ನೂ ನೋಡಿ ಹೊರಟರು. ಸೂರ್ಯ ಹುಟ್ಟುವ ಮೊದಲೇ ತರಕಾರಿ ಬಾಡುವುದು ಹೇಗೆ ಎಂದು ನನಗೂ ಹೊಳೆಯಲಿಲ್ಲ. ಗಂಡ ಹೆಂಡತಿಯ ವಿಷಯ, ನಮಗ್ಯಾಕೆ ಎಂದು ಸುಮ್ಮನಾದೆ.

ಗುಡುಗಣ್ಣ ಸ್ವಿಚ್ ಒತ್ತುತ್ತಾರೆ. ಒಳಗಿನಿಂದ ಸಣ್ಣಗೆ 'ದಪ್' ಎನ್ನುತ್ತದೆ. "ಇಷ್ಟು ಅನ್ಲೇಬೇಕು. ಜೋರಾಗಿ ಅಂದ್ರೆ ಕಷ್ಟ." ಇದು ಗಾಜಿನ ವಾಲ್ವ್ ಇಲ್ಲದ, ಪೂರ್ತಿ ಟ್ರಾನ್ಸಿಸ್ಟರ್ ಮೇಲೆ ನಡೆಯುವ ಹಳೇ ಕಾಲದ ಆಂಪ್. ಇಂಥದನ್ನು ಕಂಡರೆ ವಾಲ್ವ್ ಮೋಹಿಗಳು ಮೂಗು ಮುರಿಯುತ್ತಾರೆ, ಗುಡುಗಣ್ಣನಿಗೆ ಮಾತ್ರ ಪ್ರೀತಿ. "ಕತ್ತೆ ಇದ್ದ ಹಾಗೆ ಸಾರ್. ಚೆಂದ ಇಲ್ಲ, ಹೊರೆ ಹೊರುತ್ತೆ. ಆದ್ರೆ ಕಾದ ಮೇಲೇ ಇದರ ಬಣ್ಣ ಬಯಲಾಗೋದು. ತಣ್ಣಗಿದ್ದಾಗ ಎಲ್ಲಾ ಆಂಪೂ ಸಾಚಾನೇ."

ಅದಕ್ಕೇ ಅರ್ಧ ಗಂಟೆ ಕಾಯುತ್ತೇವೆ. ಯುವತಿ ನುಡಿಸುತ್ತಲೇ ಇದ್ದಾಳೆ. ಗುಡುಗಣ್ಣ ಅಂಗೈಯನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ, ಬರಿಗಾಲನ್ನು ನೆಲಕ್ಕೆ ಊರಿ, ಕಣ್ಣು ಮುಚ್ಚಿ ನಿಂತಿದ್ದಾರೆ. ತಗ್ಗಿನ ಸ್ವರ ಬಂದಾಗಲೆಲ್ಲ ನನ್ನ ಚಹಾ ಲೋಟ ಮೇಜಿನ ಮೇಲೆ ಜರುಗುತ್ತದೆ. "ಸ್ಪೀಕರ್ ಹರಿದಿಲ್ಲ. ಹರಿದಿದ್ರೆ ಅಂಗೈಗೆ ಕಚಗುಳಿ ಇಡುತ್ತೆ." ಹಿಂಬದಿಯ ಅಲ್ಯುಮಿನಿಯಂ ರೆಕ್ಕೆಗಳನ್ನು ಮುಟ್ಟಿ ಶಾಖ ನೋಡುತ್ತಾರೆ. ತಂತಿಗಳನ್ನು ಅಂಗೈಯಿಂದ ಮುಚ್ಚಿ ಸುಮ್ಮನಿರುವಂತೆ ಯುವತಿಗೆ ಹೇಳಿ, ಪೆಟ್ಟಿಗೆಗೆ ಕಿವಿ ಕೊಡುತ್ತಾರೆ. ಬಹಳ ಹೊತ್ತು ಕೊಡುತ್ತಾರೆ.

"ತಗೊಳ್ಳಿ. ಒಳ್ಳೇ ಮಾಲು" ಎಂದರು.

ಅವಳ ಮುಖ ಅರಳಿದ್ದನ್ನು ಬರೆಯದೆ ಇರಲಾರೆ. ಫೋನಿಗೆ ಕೈ ಹಾಕಿದಳು. ಸರಿಯಾಗಿ ಆಗಲೇ ಬಾಗಿಲು ತೆರೆದು ಹೆಂಡತಿ ಬಂದರು. ಆಂಪ್ ಇನ್ನೂ ಆನ್ ಇತ್ತು. ಆಕೆ ಹೊಸ್ತಿಲಲ್ಲೇ ನಿಂತುಬಿಟ್ಟರು, ಚಪ್ಪಲಿಯನ್ನೂ ಬಿಡಲಿಲ್ಲ. ಪೆಟ್ಟಿಗೆ ಕಡೆ ನೋಡಿದರು, ಆಮೇಲೆ ನೆಲ ನೋಡಿದರು.

"ಏನೇ?"

"ಏನಿಲ್ಲ ಬಿಡಿ. ಆಮೇಲೆ ಹೇಳ್ತೀನಿ."

ಗುಡುಗಣ್ಣ ಪೆಟ್ಟಿಗೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಯುವತಿ ನಂಬರ್ ಒತ್ತುತ್ತಿದ್ದಳು. ಗುಡುಗಣ್ಣ ನನ್ನ ಕಡೆ ಒಮ್ಮೆ ನೋಡಿದರು. ಪೇಪರಿನವನು ಎದುರಿಗಿಲ್ಲದಿದ್ದರೆ ಅವರಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ.

"ಅಮ್ಮಾ, ಫೋನ್ ಮಾಡ್ಬೇಡಿ. ಒಂದ್ನಿಮಿಷ ಇರಿ. ನನಗೆ ಕೇಳ್ಸಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ಜೋರಾಗಿ ನುಡಿಸ್ಲಾ ಅಣ್ಣಾ?"

"ಅದಲ್ಲ. ಗುಡುಗು ಕೇಳುತ್ತೆ. ಸಣ್ಣ ಸದ್ದು ಕೇಳಲ್ಲ. ಸೊಂಯ್ ಅನ್ನೋದು, ಚರಚರ ಅನ್ನೋದು, ಯಾವ್ದೂ ಕೇಳಲ್ಲ. ವರ್ಷಗಳಾಯ್ತು." ತಲೆ ತಗ್ಗಿಸಿ ಒರೆಸುವ ಬಟ್ಟೆಯನ್ನು ಮಡಚುತ್ತಾ ನಿಂತರು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

ಆಮೇಲೆ ಎಲ್ಲವೂ ಹೊರಬಂತು. ಹದಿಹರೆಯದಿಂದ ಇವರು ವಾದ್ಯತಂಡಗಳ ಪೆಟ್ಟಿಗೆ ಹೊತ್ತು, ದೊಡ್ಡ ಸ್ಪೀಕರುಗಳ ಪಕ್ಕವೇ ನಿಂತವರು. ಆಗ ಎಲ್ಲ ಬಗೆಯ ಆಂಪ್ ನೋಡುತ್ತಿದ್ದರು. ಒಮ್ಮೆ ಇವರು ಪಾಸು ಮಾಡಿದ ಗಿಟಾರ್ ಆಂಪೊಂದನ್ನು ಸಂಗೀತದ ಮೇಷ್ಟ್ರು ಹೊತ್ತು ತಂದು, 'ಇಷ್ಟು ಸೊಂಯ್ಗುಡ್ತಿದೆ, ಪಾಠಕ್ಕೆ ಬರೋ ಮಕ್ಕಳಿಗೂ ಕೇಳುತ್ತೆ, ನಿಮಗೆ ಕೇಳಲ್ವಾ?' ಅಂದರಂತೆ.

"ನಿಮ್ಮನೆ ವೈರಿಂಗ್ ಸರಿಯಿಲ್ಲ ಮೇಷ್ಟ್ರೇ ಅಂದ್ಬಿಟ್ಟೆ. ಅವರು ಪಾಪ, ಮನೆ ವೈರಿಂಗೆಲ್ಲಾ ಕೀಳ್ಸಿ ಹೊಸದಾಗಿ ಹಾಕ್ಸಿದ್ರು. ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಊಟ ಸೇರಲ್ಲ ಸಾರ್."

ಅದಾದ ಮೇಲೆಯೇ ಬಾಗಿಲಿಗೆ 'ಬೇಸ್ ಆಂಪ್ ಮಾತ್ರ ನೋಡಲಾಗುವುದು' ಎಂಬ ಬೋರ್ಡು ಬಂದದ್ದು. ಜನ ಅದನ್ನು ಪಾಂಡಿತ್ಯವೆಂದು ತಿಳಿದರು. ನಾನೂ ಹಾಗೆಯೇ ತಿಳಿದು, ಬರಹದ ಮೊದಲ ಸಾಲನ್ನು ಮನಸ್ಸಿನಲ್ಲೇ ಬರೆದು ಇಟ್ಟುಕೊಂಡು ಬಂದಿದ್ದೆ. "ಬೇಸ್ ಆದ್ರೆ ಕೈಕಾಲಲ್ಲೇ ಗೊತ್ತಾಗುತ್ತೆ, ಬಚಾವಾದೆ ಅಂದ್ಕೊಂಡೆ. ಅದರಲ್ಲೂ ಸಣ್ಣ ಸದ್ದು ಇರುತ್ತಲ್ಲ! ಇವಳು ಇಲ್ದೇ ಹೋಗಿದ್ರೆ ಯಾವತ್ತೋ ಅಂಗಡಿ ಮುಚ್ಚಬೇಕಿತ್ತು."

ಇವಳು ಎಂದರೆ ಹೆಂಡತಿ. ಇಲ್ಲಿ ಆಂಪ್ ಹಾಕಿದಾಗ ಒಳಕೋಣೆಯಲ್ಲಿ ಆಕೆ ಹೊಲಿಗೆ ನಿಲ್ಲಿಸಿ ಆಲಿಸುತ್ತಾರೆ. ಎಲ್ಲ ಸರಿಯಿದ್ದರೆ ಯಂತ್ರ ಮತ್ತೆ ಶುರುವಾಗುತ್ತದೆ, ಅದರ ಅದುರು ಇವರ ಬರಿಗಾಲಿಗೆ ತಿಳಿಯುತ್ತದೆ. ಶುರುವಾಗದಿದ್ದರೆ ಏನೋ ದೋಷವಿದೆ ಎಂದೇ ಲೆಕ್ಕ. ಆಗ ಗುಡುಗಣ್ಣ ಗಂಭೀರವಾಗಿ ಗಿರಾಕಿಗೆ, 'ನಾಳೆ ಬನ್ನಿ, ಇನ್ನೂ ಸ್ವಲ್ಪ ನೋಡ್ಬೇಕು' ಎನ್ನುತ್ತಾರೆ. ಗಂಡ ಹೆಂಡತಿ ಇದನ್ನು ಕೂತು ಮಾತಾಡಿಕೊಂಡದ್ದೇ ಇಲ್ಲವಂತೆ. ತಾನಾಗಿ ರೂಢಿಯಾಯಿತು, ಹಾಗೇ ನಡೆಯಿತು.

"ಮತ್ತೆ ಇವತ್ತು ಯಾಕೆ ಕಳಿಸಿದ್ರಿ?" ಎಂದು ಕೇಳಿದೆ.

"ಪೇಪರಲ್ಲಿ ಬರುತ್ತಲ್ಲ ಸಾರ್. ಇವತ್ತೊಂದಿನ ನಾನೇ ನೋಡಿದ್ದು ಅಂತ ಇರ್ಲಿ ಅಂತ."

ನನಗೆ ಕೂತಲ್ಲೇ ಮುಜುಗರವಾಯಿತು. ಎಲೆಮರೆಯ ಕಾಯಿ ಹುಡುಕಿಕೊಂಡು ಬಂದವನು ನಾನು. ಆಕೆಯನ್ನು ಕೇಳಿದ್ದು ಚಹಾಕ್ಕೆ ಸಕ್ಕರೆ ಕಮ್ಮಿ ಹಾಕಿ ಎಂದಷ್ಟೇ.

ಇಷ್ಟಾದ ಮೇಲೆ ಯುವತಿ ಸಿಟ್ಟಾಗುತ್ತಾಳೆ ಎಂದುಕೊಂಡೆ. ಅವಳು ಫೋನನ್ನು ಚೀಲಕ್ಕೆ ಹಾಕಿ ಹೊಸ್ತಿಲ ಕಡೆ ತಿರುಗಿದಳು. "ಅಕ್ಕಾ, ನೀವೇ ಹೇಳಿ. ಏನು ಕೇಳಿಸ್ತು?"

ಆಕೆ ಗಂಡನನ್ನು ನೋಡಿದರು. ಗಂಡ ತಲೆಯಾಡಿಸಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ದೂರದಲ್ಲೆಲ್ಲೋ ಎಣ್ಣೆ ಕಾಯ್ತಾ ಇರೋ ಹಾಗೆ. ಒಂದೇ ಸಮ ಇಲ್ಲ. ಏರುತ್ತೆ, ಇಳಿಯುತ್ತೆ. ಯಾಕೆ ಅಂತ ನನಗೆ ಗೊತ್ತಾಗಲ್ಲ ಕಣಮ್ಮಾ, ಅದನ್ನ ಇವರೇ ಹೇಳ್ಬೇಕು."

ಅರ್ಧ ಗಂಟೆಯ ಗುಡುಗಿಗೆ ಕಿವಿ ಮಂದವಾಗಿದ್ದ ನನಗೂ ಯುವತಿಗೂ ಅದು ಗೊತ್ತೇ ಆಗಿರಲಿಲ್ಲ. ಗುಡುಗಣ್ಣ ಮತ್ತೆ ಮಂಡಿಯೂರಿದರು. ಈಗ ಆಕೆ ಅವರ ಪಕ್ಕದಲ್ಲೇ ನಿಂತಿದ್ದಾರೆ. ಅವರು ವಾಲ್ಯೂಮ್ ಪೂರ್ತಿ ಇಳಿಸುತ್ತಾರೆ.

"ಈಗ?"

"ಇದೆ."

"ಕಮ್ಮಿ ಆಯ್ತಾ?"

"ಇಲ್ಲ. ಅಷ್ಟೇ ಇದೆ."

ಗಿಟಾರಿನಿಂದ ಆಂಪಿಗೆ ಬಂದಿದ್ದ ಕೇಬಲನ್ನೇ ಕಿತ್ತು ಹೊರಗಿಟ್ಟರು. "ಈಗಲೋ?"

"ಇದೆ ಕಣ್ರೀ."

ಗುಡುಗಣ್ಣ ಸ್ವಿಚ್ ಆರಿಸಿದರು. ವಾಲ್ಯೂಮ್ ಇಳಿಸಿದಾಗ ಸದ್ದು ಹೋಗಿದ್ದರೆ ದೋಷ ಮುಂಭಾಗದಲ್ಲಿ, ಸಣ್ಣ ರಿಪೇರಿ. ಹೋಗಲಿಲ್ಲವೆಂದರೆ ಅದು ಹಿಂದೆ, ಸ್ಪೀಕರನ್ನು ದುಡಿಸುವ ಭಾಗದಲ್ಲಿದೆ. ಅಲ್ಲೊಂದು ಟ್ರಾನ್ಸಿಸ್ಟರ್ ಒಳಗೊಳಗೇ ಸಾಯುತ್ತಿದೆ. ಇವತ್ತು ಚರಚರ, ನಾಳೆ ಕಾರ್ಯಕ್ರಮದ ನಡುವೆ ಸ್ಪೀಕರನ್ನೂ ಸುಟ್ಟುಕೊಂಡು ಹೋಗುತ್ತದೆ. ಈ ಮಾದರಿಯ ಬಿಡಿಭಾಗ ಈಗ ಸಿಗುವುದೂ ಇಲ್ಲ.

"ಬೇಡಮ್ಮಾ. ವಾಪಸ್ ಕೊಟ್ಬಿಡಿ. ತಗೊಳ್ಳಿ ಅಂದವನೂ ನಾನೇ, ಬೇಡ ಅನ್ನೋನೂ ನಾನೇ. ಬೈಕೊಳ್ಳಿ."

ಅವಳು ಬೈಯಲಿಲ್ಲ. ಪೆಟ್ಟಿಗೆಯ ಸವೆದ ಮೂಲೆಯನ್ನೊಮ್ಮೆ ಸವರಿದಳು. ರೆಕಾರ್ಡಿಂಗಿಗೆ ಮತ್ತೆ ಯಾರನ್ನೋ ಕೇಳಬೇಕು. ಫೋನ್ ತೆಗೆದು ಮಾರುವವರಿಗೆ ಊಹೂಂ ಎಂದಳು. ಹೊರಡುವಾಗ ಹೇಳಿದಳು: "ಇನ್ನೊಂದು ನೋಡಿಟ್ಟಿದ್ದೀನಿ ಅಣ್ಣಾ. ಭಾನುವಾರ ತರ್ತೀನಿ. ಅಕ್ಕ ಮನೇಲಿರ್ತಾರಲ್ವಾ?"

ಅಣ್ಣ ಅಕ್ಕ ಇಬ್ಬರೂ ಒಟ್ಟಿಗೇ ಹೂಂ ಎಂದರು.

ಬಸ್ಸುಗಳು ಶುರುವಾಗಿವೆ. ಇನ್ನು ಸಣ್ಣ ಸದ್ದು ಯಾರ ಕಿವಿಗೂ ಬೀಳದು, ಇವತ್ತಿನ ಪರೀಕ್ಷೆ ಮುಗಿದ ಹಾಗೆಯೇ. ಇದನ್ನೆಲ್ಲ ಬರೆಯಲೋ ಬಿಡಲೋ ಎಂದು ಗುಡುಗಣ್ಣನನ್ನೇ ಕೇಳುತ್ತೇನೆ.

"ಬರೀರಿ. ಮೇಷ್ಟ್ರೂ ಓದ್ಲಿ. ಕಿವಿ ಹೋಯ್ತು ಅಂತ ಇಷ್ಟು ವರ್ಷ ನಾಚ್ಕೊಂಡೆ ಸಾರ್. ಇವತ್ತು ಇವಳು ಇಲ್ಲಿ ಪಕ್ಕದಲ್ಲಿ ನಿಂತಾಗ ನೋಡ್ತೀನಿ, ಈ ಕೋಣೇಲಿ ಇವಳಿಗೆ ಅಂತ ಕೂರೋದಕ್ಕೆ ಒಂದು ಜಾಗ ಇಲ್ಲ. ಗಿರಾಕಿಗಿದೆ, ನಿಮಗಿದೆ. ಅದಕ್ಕೆ ನಾಚ್ಕೋಬೇಕಿತ್ತು ನಾನು. ಇಲ್ಲೊಂದು ಸ್ಟೂಲ್ ಹಾಕ್ಬೇಕು."

ತರಕಾರಿಯನ್ನು ಬುಟ್ಟಿಗೆ ಸುರಿಯುತ್ತಿದ್ದ ಆಕೆ ತಿರುಗದೆಯೇ ಹೇಳುತ್ತಾರೆ: "ಸ್ಟೂಲ್ ಬೇಡ. ಬೆನ್ನಿಗೆ ಒರಗು ಇರೋ ಕುರ್ಚಿ ಹಾಕಿ. ಕೆಲಸಕ್ಕೆ ಕೂರೋದಲ್ವಾ ನಾನು?"